ತೂಬಿನ ಅಧಿಕಾರ ಯಾರ ಕೈಯಾಗ ಐತಿ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಹರಿದು ಕೊಚ್ಚಿ ಹೋದದ್ದು ಯಾರೂ ಮರೆತಿಲ್ಲ. ಮಂಡಳಿ ಕೇಂದ್ರದ್ದು ಅಂತ ಇವರು, ತಪ್ಪು ರಾಜ್ಯದ್ದು ಅಂತ ಅವರು. ಹರಿಯೋ ನೀರಿನಾಗ ಸ್ಟಾಪ್‌ಲಾಗ್ ಇಳಿಸಿ ನೀರು ಉಳಿಸಿದ್ದು ಕನ್ನಯ್ಯ ನಾಯ್ಡು ಅವರ ತಂಡ. ತುಂಬಿದ ಡ್ಯಾಮಿಗೆ ಬಾಗಿನ ಬಿಡೋವಾಗ ಮಾತ್ರ ಈ ತಕರಾರು ಇರೂದಿಲ್ಲ ನೋಡ್ರಿ, ಎಲ್ಲಾರೂ ಮುಂದ ಇರ್ತಾರ.

ಡ್ಯಾಮು 1953ರಾಗ ಆದ ಮಂಡಳಿ ಕೈಯಾಗ. ಎಡದಂಡೆ ಕಾಲುವೆ ನೀರಾವರಿ ನಿಗಮದ ಕೈಯಾಗ. ನೀರು ಎಂದು ಬಿಡಬೇಕು, ಎಂದು ನಿಲ್ಲಿಸಬೇಕು ಅನ್ನೋದು ಮಂತ್ರಿಗಳು ಕೂಡೋ ನೀರಾವರಿ ಸಲಹಾ ಸಮಿತಿಯ ತೀರ್ಮಾನ. ಅಧಿಕಾರ ಇಷ್ಟು ಕಡೆ ಹಂಚಿದ ಮ್ಯಾಲ ಕೇಳೋದು ಯಾರನ್ನ?

ಸಿಟ್ಟಾಗಬ್ಯಾಡ್ರಿ, ಇನ್ನೊಂದು ಮಾತು. ಸಮಿತಿ ಆದೇಶ ರಾಯಚೂರು ತನಕ ಹೋಗತೈತಿ, ನೀರು ಹೋಗೂದಿಲ್ಲ. ನಡುವ ಗಂಗಾವತಿ ಭಾಗದಾಗ ರಾತ್ರಿ ಕಾಲುವೆಗೆ ಮೋಟರ್ ಇಳಿಸೋರು ಸರ್ಕಾರದವರಲ್ಲ, ನಮ್ಮ ಮಂದಿನೇ. ಕೆಳಗಿನ ರೈತನ ಪಾಲಿಗೆ ಆ ಮೋಟರ್ ಇದ್ದಾವನೇ ಸರ್ಕಾರ. ಪೊಲೀಸರು ಬಂದು ಕಿತ್ತರ ದಬ್ಬಾಳಿಕಿ ಅಂತೀವಿ, ಬರದಿದ್ದರ ಸರ್ಕಾರ ಸತ್ತೈತಿ ಅಂತೀವಿ. ಕುಷ್ಟಗಿ, ಯಲಬುರ್ಗಾದ ಮಳಿ ನಂಬಿದ ರೈತರು ಈ ಜಗಳ ಕೇಳಿ ನಗತಿರಬೇಕು.

ನೀರು ಬಳಕೆದಾರರ ಸಂಘಕ್ಕ ಹಂಚೋ ಅಧಿಕಾರ ಕಾನೂನಿನಾಗೇ ಐತಿ. ಬಹಳ ಕಡೆ ಸಂಘ ಬರೇ ಬೋರ್ಡಿನಾಗ ಐತಿ. ಪ್ರತಿ ತೂಬಿನ ಹತ್ರ ಯಾವ ದಿನ ಎಷ್ಟು ತಾಸು ನೀರು, ಜವಾಬ್ದಾರ ಎಂಜಿನಿಯರ್ ಯಾರು ಅಂತ ಬಣ್ಣದಾಗ ಬರಸ್ರಿ ಅಂತ ಈ ಸಲ ಅರ್ಜಿ ಕೊಡೋಣ. ಸಹಿ ಹಾಕೋರು ತಮ್ಮ ಉಪಕಾಲುವೆ ನಂಬರ್ ಕೆಳಗ ಬರೀರಿ.