ಯುದ್ಧ ಕಂಡ ನಾಡೇ ಮುಂದೆ!



ದುಕ್ಮ್‌ನಿಂದ ಬರೆಯುತ್ತಿದ್ದೇನೆ. ಇದೇ ಒಮಾನಿನ ಧೋಫಾರಿನಲ್ಲಿ 1965ರಿಂದ 1975ರವರೆಗೆ ಯುದ್ಧ ನಡೆದಿತ್ತು. 1970ರಲ್ಲಿ ಇಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಮಗು ಐದು ವರ್ಷ ತುಂಬುವ ಮೊದಲೇ ಸಾಯುತ್ತಿತ್ತು. ಈಗ ಸಾವಿರಕ್ಕೆ ಹತ್ತರ ಆಸುಪಾಸು. ಎಲ್ಲ ಎಣ್ಣೆ ದುಡ್ಡು ಅನ್ನಬೇಡಿ. ಆ ದುಡ್ಡಲ್ಲಿ ಮರಳುಗಾಡಿನ ಊರುಗಳಿಗೂ ಲಸಿಕೆ, ಆರೋಗ್ಯ ಕೇಂದ್ರ ತಲುಪಿಸಿದರು.

ಅಂಥ ಯುದ್ಧ ಕಾಣದ ನಮ್ಮ ಕರ್ನಾಟಕ? 2018-20ರ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ 69 ತಾಯಂದಿರ ಸಾವು. ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆ! 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಡ್ರಿಪ್ಪಿನ ಗುಣಮಟ್ಟದ ಬಗ್ಗೆ ತನಿಖೆ ನಡೆಯಿತು.

ಬೋರ್ಡಿನಲ್ಲಿ ಕನ್ನಡವಿಲ್ಲವೆಂದು ಶಾಸಕರಿಗೆ ಮೇಲ್ ಹಾಕುವ ನಾವು, ಹೆರಿಗೆ ವಾರ್ಡಿನ ಬಗ್ಗೆ ಎಷ್ಟು ಮೇಲ್ ಹಾಕಿದ್ದೇವೆ?