ಚಿಕಿತ್ಸಾವಿಧಿಗೆ ಪ್ರಮಾಣವೆಲ್ಲಿ?

ಯಾವ ರೋಗಿಗೆ ಯಾವ ಚಿಕಿತ್ಸೆ ಸಲ್ಲಬೇಕೆಂಬ ವಿಧಿಗಳು ಬಹುಕಾಲ ಹಿರಿಯ ವೈದ್ಯರ ಅಭಿಪ್ರಾಯವನ್ನೇ ಆಧರಿಸಿದ್ದುವು. ಹಿರಿಯರ ಅನುಭವವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಆಪ್ತವಾಕ್ಯವೊಂದನ್ನೇ ಪ್ರಮಾಣವೆಂದು ನಂಬಿದರೆ ಎಂತಹ ಅನರ್ಥವಾಗುವುದೆಂಬುದಕ್ಕೆ ಒಂದು ಔಷಧದ ಚರಿತ್ರೆಯೇ ಸಾಕ್ಷಿ.

ದಿನ ತುಂಬುವ ಮುನ್ನವೇ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಶ್ವಾಸಕೋಶವು ಬೇಗ ಬಲಿಯುವುದೆಂದು ನ್ಯೂಜೀಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ತೋರಿಸಿದರು. ಅನಂತರ ನಡೆದ ಪ್ರಯೋಗಗಳು ಬಹುಮಟ್ಟಿಗೆ ಚಿಕ್ಕವು. ಬಿಡಿಬಿಡಿಯಾಗಿ ನೋಡಿದರೆ ನಿರ್ಣಯ ಸಾಲದು. 1989ರಲ್ಲಿ ಅವನ್ನು ಕಲೆಹಾಕಿ ಕ್ರಮವಾಗಿ ತೂಗಿದಾಗ, ಶಿಶುಮರಣವು ತಗ್ಗುವುದೆಂಬುದು ಸ್ಪಷ್ಟವಾಯಿತು. ಆದರೂ ಅಮೆರಿಕದ ತಜ್ಞಸಭೆಯು ಅದನ್ನು ಶಿಫಾರಸು ಮಾಡಿದುದು 1994ರಲ್ಲಿ. ಅಷ್ಟರಲ್ಲಿ ಬದುಕಬಹುದಾಗಿದ್ದ ಎಷ್ಟೋ ಕೂಸುಗಳು ಸತ್ತುವು. 1993ರಲ್ಲಿ ಹುಟ್ಟಿದ ಕಾಕ್ರನ್ ಸಂಸ್ಥೆಯು ಈ ಪ್ರಯೋಗಗಳ ನಕ್ಷೆಯನ್ನೇ ತನ್ನ ಲಾಂಛನವಾಗಿ ಮಾಡಿಕೊಂಡಿತು.

ಕ್ರಮಬದ್ಧ ಸಮೀಕ್ಷೆಯೆಂದರೆ ಇದೇ: ಅನುಕೂಲವಾದುದನ್ನು ಮಾತ್ರ ಆರಿಸದೆ, ಮೊದಲೇ ಗೊತ್ತುಮಾಡಿದ ರೀತಿಯಿಂದ ಎಲ್ಲ ಸಾಕ್ಷ್ಯವನ್ನೂ ಹುಡುಕಿ, ಅದರ ಬಲಾಬಲಗಳನ್ನು ಪರೀಕ್ಷಿಸುವುದು. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಸಹ ಇಂತಹ ಸಮೀಕ್ಷೆಗಳ ಬಳಕೆ ವಿರಳವೆಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಕ್ಷೇಪಿಸಿತು. ಸಂಸ್ಥೆಯು ಅದೇ ವರ್ಷ ವಿಧಿಗಳ ಪರಿಶೀಲನಾ ಸಮಿತಿಯನ್ನು ನೇಮಿಸಿತು.

ಆದರೆ ಸಮೀಕ್ಷೆ ಇದ್ದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಳೆಯ ಪ್ರಯೋಗಗಳಲ್ಲಿ ಹೆಚ್ಚಿನವು ಸಿರಿವಂತ ದೇಶಗಳ ಆಸ್ಪತ್ರೆಗಳಲ್ಲಿ ನಡೆದವು. ಭಾರತ ಸರಕಾರವು 2014ರಲ್ಲಿ, ಆಸ್ಪತ್ರೆಗೆ ಕಳುಹಿಸುವ ಮುನ್ನ ಈ ಮದ್ದಿನ ಮೊದಲ ಪ್ರಮಾಣವನ್ನು ದಾದಿಯರೂ ಕೊಡಬಹುದೆಂದು ವಿಧಿಸಿತು. ಅದೇ ವರ್ಷ ನಮ್ಮ ಬೆಳಗಾವಿಯೂ ನಾಗಪುರವೂ ಸೇರಿದಂತೆ ಆರು ದೇಶಗಳ ಗ್ರಾಮಾಂತರಗಳಲ್ಲಿ ನಡೆದ ದೊಡ್ಡ ಪ್ರಯೋಗದ ಫಲ ಹೊರಬಿದ್ದಿತು. ಮದ್ದಿನ ಬಳಕೆಯನ್ನು ಹೆಚ್ಚಿಸಿದ ಕಡೆ ಸಾವಿರ ಜನನಗಳಿಗೆ 27.4 ನವಜಾತ ಶಿಶುಗಳೂ, ಉಳಿದೆಡೆ 23.9 ಶಿಶುಗಳೂ ಮರಣ ಹೊಂದಿದುವು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಆದರೆ ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಕಾಲ ಶಿಶುಗಳ ಮರಣವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು.

ಮದ್ದಿನ ಬಗೆ ಒಂದೇ, ಫಲ ಮಾತ್ರ ಬೇರೆ. ಗರ್ಭದ ವಾರಗಳನ್ನು ಸರಿಯಾಗಿ ಎಣಿಸಿ, ಸೋಂಕನ್ನು ಗುರುತಿಸಿ, ಹುಟ್ಟಿದ ಕೂಸನ್ನು ಆರೈಕೆ ಮಾಡಬಲ್ಲ ಕಡೆ ಅದು ಸಂಜೀವಿನಿ. ಈ ಸಾಧನಗಳಿಲ್ಲದೆಡೆ ಹಿತವನ್ನು ಭರವಸೆಯಿಂದ ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಶಿಫಾರಸು ಈ ನಿಬಂಧನೆಗಳನ್ನೇ ಒತ್ತಿ ಹೇಳಿತು.

ಆದುದರಿಂದ ಆರೋಗ್ಯ ಇಲಾಖೆಯ ಪ್ರತಿಯೊಂದು ವಿಧಿಯೂ, ತನ್ನ ಸಾಕ್ಷ್ಯವಾವುದು, ಅದು ಎಲ್ಲಿ ದೊರೆತುದು, ಎಷ್ಟು ಬಲವುಳ್ಳುದು, ಯಾವಾಗ ಪುನಃ ಪರಿಶೀಲಿಸಲ್ಪಡುವುದು ಎಂಬುದನ್ನು ತಿಳಿಯಾದ ಮಾತುಗಳಲ್ಲಿ ಹೇಳತಕ್ಕದ್ದು. ನಡುರಾತ್ರಿಯಲ್ಲಿ ಹಳ್ಳಿಯ ಉಪಕೇಂದ್ರದಲ್ಲಿ ಒಬ್ಬಳೇ ನಿಂತ ದಾದಿಗೆ ಪ್ರಮಾಣಗಳನ್ನು ಶೋಧಿಸಲು ವ್ಯವಧಾನವಿಲ್ಲ. ಆಕೆಯ ಪರವಾಗಿ ಶೋಧಿಸುವುದು ಸುತ್ತೋಲೆಗೆ ರುಜು ಹಾಕುವ ಅಧಿಕಾರಿಯ ಹೊಣೆ.