ಸೈಲೆನ್ಸರ್ ಕಳಚಿದವರ ದಾರಿಯಲ್ಲಿ ಬೇಲೂರು

ವಾರಾಂತ್ಯ ಬಂತೆಂದರೆ ಹಾಸನದಿಂದ ಬೇಲೂರಿನ ಮಾರ್ಗವಾಗಿ ಚಿಕ್ಕಮಗಳೂರಿನ ಗಿರಿಗಳತ್ತ ಸಾಗುವ ಬೈಕುಗಳ ಸಾಲು ಬೆಳೆಯುತ್ತದೆ. ಅವುಗಳಲ್ಲಿ ಕೆಲವು ಕಾರ್ಖಾನೆಯ ಸೈಲೆನ್ಸರನ್ನು ಕಳಚಿ, ಬರಿಯ ಕೊಳವೆಯನ್ನು ಜೋಡಿಸಿಕೊಂಡು ಬರುತ್ತವೆ. ಈ ಅಬ್ಬರವನ್ನು ಶಕ್ತಿಯ, ಸಿರಿಯ ಕುರುಹೆಂದು ಭಾವಿಸುವ ಯುವಕರು ಮೋಟಾರು ವಾಹನದ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದೊಳ್ಳೆಯದು.

ಶತಮಾನದ ಹಿಂದೆ ಸಿರಿವಂತರು ಹಣ ತೆತ್ತು ಕೊಳ್ಳುತ್ತಿದ್ದುದು ನಿಶ್ಶಬ್ದವನ್ನು. 1907ರಲ್ಲಿ ರೋಲ್ಸ್ ರಾಯ್ಸ್ ಸಂಸ್ಥೆಯ ಕ್ಲಾಡ್ ಜಾನ್ಸನ್ ಆರು ಸಿಲಿಂಡರಿನ ಕಾರೊಂದಕ್ಕೆ ‘ಸಿಲ್ವರ್ ಘೋಸ್ಟ್’ ಎಂದು ಹೆಸರಿಟ್ಟರು. ಬಣ್ಣ ಬೆಳ್ಳಿಯದು, ಸದ್ದಿಲ್ಲದ ಓಟ ಭೂತದ್ದು. (ಮಲೆನಾಡಿನ ಭೂತಗಳು ಅಷ್ಟು ಮೌನಿಗಳಲ್ಲ ಎಂಬುದು ಬೇರೆ ಮಾತು.) ಅದೇ ವರ್ಷ ಆ ಕಾರು 15,000 ಮೈಲಿಗಳ ಪರೀಕ್ಷೆಯನ್ನು ದಾಟಿತು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಗೂ ರೋಲ್ಸ್ ರಾಯ್ಸ್ ಕಾರುಗಳು ಬಂದವು.

ಸಿಲಿಂಡರಿನಿಂದ ಒತ್ತಡದಲ್ಲಿ ನುಗ್ಗುವ ಬಿಸಿ ಅನಿಲ ನೇರವಾಗಿ ಹೊರಗಾಳಿಗೆ ಬಡಿದರೆ ಸಿಡಿತದ ಸದ್ದು ಏಳುತ್ತದೆ. ಅದನ್ನು ಅಗಲವಾದ ಕೋಣೆಯಲ್ಲಿ ಹರಡಗೊಟ್ಟು, ರಂಧ್ರವುಳ್ಳ ತಡೆತಟ್ಟೆಗಳ ಮೂಲಕ ಹಾಯಿಸಿದರೆ ಸದ್ದು ಅಡಗುತ್ತದೆ. ತೂಬಿನಿಂದ ಧುಮುಕುವ ನೀರನ್ನು ಹೊಂಡದಲ್ಲಿ ತಣಿಸಿ ಕಾಲುವೆಗೆ ಬಿಡುವ ರೈತನಿಗೆ ಈ ತತ್ತ್ವ ಹೊಸದೇನಲ್ಲ. ಆದರೆ ತಡೆ ಮಿತಿಮೀರಿದರೆ ಅನಿಲ ಹಿಂದಕ್ಕೊತ್ತಿ ಎಂಜಿನ್ನಿನ ಬಲ ಕುಗ್ಗುತ್ತದೆ. ಎಷ್ಟು ಸದ್ದು ಇಳಿಯಿತು, ಎಷ್ಟು ಬಲ ಹೋಯಿತು ಎಂಬೆರಡನ್ನೂ ತೂಗಿಯೇ ಸೈಲೆನ್ಸರಿನ ವಿನ್ಯಾಸವನ್ನು ಪರೀಕ್ಷಿಸಬೇಕು. ಡೆಸಿಬೆಲ್ ಎಂಬ ಮಾನ ಬಂದುದೇ 1920ರ ದಶಕದಲ್ಲಿ. ಅದಕ್ಕೆ ಮುನ್ನ ಕಿವಿಯೇ ಅಳತೆಗೋಲು. ಏರು ಹತ್ತುವಾಗ ಅನಿಲವನ್ನು ಸೈಲೆನ್ಸರಿಗೆ ಹೋಗಗೊಡದೆ ಹೊರಬಿಡುವ ‘ಕಟ್‌ಔಟ್’ ಎಂಬ ಕವಾಟ ಅನೇಕ ಕಾರುಗಳಲ್ಲಿತ್ತು. ಸೈಲೆನ್ಸರ್ ಕಳಚಿದರೆ ಬಲ ಹೆಚ್ಚುವುದೆಂಬ ನಂಬಿಕೆ ಆ ಕಾಲದ ಪಳೆಯುಳಿಕೆ. ಇಂದಿನ ಎಂಜಿನ್ನನ್ನು ಸೈಲೆನ್ಸರಿನೊಡನೆ ಹೊಂದಿಸಿಯೇ ರೂಪಿಸಲಾಗಿರುತ್ತದೆ. ಕಳಚಿದವನಿಗೆ ದಕ್ಕುವುದು ಬಹುಮಟ್ಟಿಗೆ ಸದ್ದು ಮಾತ್ರ.

ಪಂದ್ಯದ ಕಾರುಗಳನ್ನೂ ಜನ ಸುಮ್ಮನೆ ಸಹಿಸಿಕೊಳ್ಳಲಿಲ್ಲ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥದ ನೆರೆಹೊರೆಯವರು 1920ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ ಅಲ್ಲಿ ದೊಡ್ಡ ಗಾತ್ರದ ಸೈಲೆನ್ಸರ್ ಕಡ್ಡಾಯವಾಯಿತು.

ನಮ್ಮಲ್ಲಿ ನಿಯಮಗಳಿಗೇನೂ ಕೊರತೆಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಟ್ರ್ಯಾಕ್ಟರನ್ನೂ ಒಳಗೊಂಡು ಎಲ್ಲ ವಾಹನಗಳಿಗೂ ಸೈಲೆನ್ಸರನ್ನು ವಿಧಿಸಿವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. 2019ರ ತಿದ್ದುಪಡಿಯ ನಂತರ ಶಬ್ದದ ಮಾನದಂಡ ಮೀರಿದ ವಾಹನಕ್ಕೆ 10,000 ರೂಪಾಯಿವರೆಗೆ ದಂಡವುಂಟು. ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಕೊಳವೆಗಳ ಮೇಲೆ ರೋಡ್ ರೋಲರ್ ಹರಿಸಿದ್ದಾರೆ. ಛಾಯಾಚಿತ್ರಕ್ಕೆ ಅದು ಚೆನ್ನ. ಕೊಳವೆ ಮಾರುವ ಅಂಗಡಿಗೆ ಅದರಿಂದ ನಷ್ಟವೇನೂ ಇಲ್ಲ.

2023ರಲ್ಲಿ ಬೇಲೂರು, ಹಳೇಬೀಡುಗಳ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ಪ್ರವಾಸಿಗರು ಬರಲಿ. ಆದರೆ ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಕಾಡಾನೆಗಳ ಸಂಚಾರವಿದೆ, ಜೀವಗಳೂ ಹೋಗಿವೆ. ಮುಂಜಾನೆಯ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವ ಕೂಲಿಯಾಳಿಗೆ ಕಣ್ಣಿಗಿಂತ ಕಿವಿಯೇ ಕಾವಲು. ಕೊಂಬೆ ಮುರಿದ ಸದ್ದು ಕೇಳಿದರೆ ಆಕೆ ಹಿಂದಿರುಗುತ್ತಾಳೆ. ಆ ಗಳಿಗೆಯಲ್ಲೇ ರಸ್ತೆಯಲ್ಲೊಂದು ಬರಿಗೊಳವೆ ಅಬ್ಬರಿಸಿದರೆ ಆಕೆಗೆ ಏನೂ ಕೇಳಿಸದು. ಶನಿವಾರ, ಭಾನುವಾರಗಳ ಮುಂಜಾನೆ ಬೇಲೂರಿನ ಪ್ರವೇಶದಲ್ಲೇ ಶಬ್ದಮಾಪಕದೊಡನೆ ತಪಾಸಣೆ ನಡೆಯಬೇಕೆಂದು ಗ್ರಾಮಸಭೆಗಳು ಠರಾವು ಮಾಡಿ ಜಿಲ್ಲಾಡಳಿತಕ್ಕೆ ಕಳುಹಿಸಬಹುದು. ಕೊಳವೆ ಮಾರುವ ಅಂಗಡಿಗಳ ಮಾತೂ ಅದೇ ಠರಾವಿನಲ್ಲಿರಲಿ.